ಕೋಳಿಯ ಬಾಣಂತನ

ಬೇಡ ಎನ್ನುವ ಮಾತು ನನ್ನ ಬಾಯಿಂದ ಹೊರಡುವುದೇ ಇಲ್ಲ. ಹಾಗಾಗಿಯೇ ನಾನು ಮೂರು ಸಂಘಗಳ ಕಾರ್ಯದರ್ಶಿ. ಹಾಗಾಗಿಯೇ ಎನ್.ಆರ್. ಕಾಲೋನಿಯ ನಮ್ಮ ಮನೆಗೆ ನಾಲ್ಕು ಕೋಳಿಗಳು ಬಂದವು. ಬೆಳ್ಳುಳ್ಳಿ ಕೂಡ ಹಿತ್ತಿಲ ಬಾಗಿಲಿಂದ ಸಂಕೋಚಪಟ್ಟು ಒಳಬರುವ ಮನೆ ನಮ್ಮದು. ಕೋಳಿಗಳು ಮಾತ್ರ ಆಟೋದಿಂದಿಳಿದು, ರಟ್ಟಿನ ಪೆಟ್ಟಿಗೆಯಲ್ಲಿ ಕೂತು, ಮುಂಬಾಗಿಲಿನಲ್ಲೇ ಬಂದವು.

ನಾನು ಪಾಠ ಮಾಡುವ ಕಾಲೇಜಿನಲ್ಲಿ ಜೀವಶಾಸ್ತ್ರದ ಅಧ್ಯಾಪಕಿಯೊಬ್ಬರಿದ್ದಾರೆ. ಇನ್ನು ಮೊಟ್ಟೆ ಸಾಲದು ಎಂದು ಫಾರಂನವರು ಮಾಂಸದಂಗಡಿಗೆ ಸಾಗಿಸುವ ಪಂಜರದ ಕೋಳಿಗಳನ್ನು ಬಿಡಿಸಿ ತಂದು, ಅವಕ್ಕೆ ಮನೆ ಹುಡುಕುವುದು ಅವರ ಹವ್ಯಾಸ. “ಸರ್, ನಿಮ್ಮ ಮನೇಲಿ ಹಿತ್ಲಿದೆ ಅಲ್ವಾ?” ಎಂದರು. ಇದೆ ಎಂದೆ. ನಾನು ಆಡಿದ್ದು ಅಷ್ಟೇ.

ಪೆಟ್ಟಿಗೆ ತೆಗೆದರೆ ಒಳಗೆ ಅರ್ಧ ಬೋಳಾದ ನಾಲ್ಕು ಜೀವಗಳು. ಕೊಕ್ಕಿನ ತುದಿ ಕತ್ತರಿಸಿದ್ದರು. ತಂತಿಯ ಮೇಲೆ ನಿಂತು ನಿಂತೇ ಉಗುರು ಕೊಂಕಿದ್ದವು. ಬಿಳಿಚಿಕೊಂಡ ಜುಟ್ಟು ಕಣ್ಣ ಮೇಲೆ ಬಿದ್ದಿತ್ತು. ನನ್ನ ಹೆಂಡತಿ ಸುಧಾ ನೋಡಿದವಳೇ, “ಅಯ್ಯೋ, ಇವಕ್ಕೆ ಸ್ವೆಟರ್ ಹಾಕ್ಬೇಕೇನ್ರೀ?” ಎಂದಳು.

ನಮ್ಮ ಪುರಾಣದವರೂ ಈ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಂಡಿಲ್ಲ ನೋಡಿ. ಇಲಿಗೂ ಗೂಬೆಗೂ ವಾಹನದ ಕೆಲಸ ಸಿಕ್ಕಿತು. ಹುಂಜ ಸುಬ್ರಹ್ಮಣ್ಯನ ಬಾವುಟ ಹತ್ತಿ ಕೂತಿತು. ಹೇಂಟೆಯನ್ನು ಮಾತ್ರ ಯಾವ ದೇವರೂ ಕೆಲಸಕ್ಕೆ ತೆಗೆದುಕೊಂಡಂತಿಲ್ಲ. ಮಾರ್ಗದರ್ಶನಕ್ಕೆ ಶಾಸ್ತ್ರವಿಲ್ಲದಿದ್ದರಿಂದ ನಾವು ನಮಗೆ ಗೊತ್ತಿದ್ದ ಒಂದೇ ಶುಶ್ರೂಷೆಗೆ ಕೈಹಾಕಿದೆವು. ಬಾಣಂತನ! ಸ್ಟೋರ್ ರೂಮಿನ ಕಿಟಕಿಗೆ ರಗ್ಗು ಕಟ್ಟಿದೆವು. ನೆಲಕ್ಕೆ ನನ್ನ ಹಳೇ ಪಂಚೆ, ಮೇಲೊಂದು ಬೆಚ್ಚನೆಯ ಬಲ್ಬು, ಕುಡಿಯಲು ಓಮದ ನೀರು. ಸಂಜೆ ಸಾಂಬ್ರಾಣಿ ಹೊಗೆಯೂ ಆಯಿತು. ನಾಲ್ಕೂ ಸೀನಿದ ಮೇಲೆ ಅದನ್ನು ಬಿಟ್ಟೆವು.

ಮೂರು ಕೋಳಿಗಳು ಹೇಗೋ ಸುಧಾರಿಸಿಕೊಂಡವು. ನಾಲ್ಕನೆಯದು ಮಾತ್ರ ಮೂಲೆ ಬಿಟ್ಟು ಏಳಲಿಲ್ಲ. ಅಂಗೈಯಲ್ಲಿ ಹಿಡಿದರೆ ಎರಡು ಕಾಳು, ಇಲ್ಲದಿದ್ದರೆ ಉಪವಾಸ. ಅದು ಸತ್ತರೆ ಕೊಂದವನು ನಾನೇ ಎಂದು ನನಗೆ ಖಾತ್ರಿಯಾಗಿಹೋಯಿತು. ಪಾಠಗಳ ನಡುವೆ ಮನೆಗೆ ಫೋನ್ ಮಾಡಿ, “ಉಸಿರಾಡ್ತಿದೆಯಾ? ಏನಾದ್ರೂ ಗಂಟಲಿಗೆ ಇಳೀತಾ?” ಎಂದು ವಿಚಾರಿಸುತ್ತಿದ್ದೆ. ಮನೆಯಲ್ಲಿ ಯಾರೋ ಹಿರಿಯರು ಹಾಸಿಗೆ ಹಿಡಿದಿದ್ದಾರೆಂದು ತಿಳಿದ ಸ್ಟಾಫ್ ರೂಮಿನವರು ಸೇಬು ತಂದುಕೊಟ್ಟರು. ನಿಜ ಹೇಳಲು ನಾಚಿಕೆಯಾಗಿ ನಾನೇ ತಿಂದೆ.

ಹತ್ತನೆಯ ದಿನ ಪಕ್ಕದ ಮನೆಯ ಜಯಮ್ಮ ಬಂದರು. ಅವರು ಮಾಗಡಿ ಕಡೆಯ ಹಳ್ಳಿಯವರು. ಮಾಮೂಲ್‌ಪೇಟೆಯಲ್ಲಿ ಅಂಗಡಿಯಿಟ್ಟ ಗಂಡನ ಜೊತೆ ಇಲ್ಲಿ ನೆಲೆಸಿ ಮೂವತ್ತು ವರ್ಷವಾದರೂ ಕೋಳಿಯ ಭಾಷೆ ಮರೆತವರಲ್ಲ. ಸ್ಟೋರ್ ರೂಮಿಗೆ ಇಣುಕಿ, ಮೂಗಿನ ಮೇಲೆ ಬೆರಳಿಟ್ಟರು.

“ಏನ್ ಮೇಷ್ಟ್ರೇ, ಅಲ್ಲೂ ಜೈಲು, ಇಲ್ಲೂ ಜೈಲಾ? ಹಿತ್ಲಿಗೆ ಬಿಡಿ, ಮಣ್ಣು ತುಳೀಲಿ.”

“ಬೆಕ್ಕು ಬಂದ್ರೆ?”

“ನಾನ್ ನೋಡ್ಕತೀನಿ.”

“ಹದ್ದು?”

“ಅಯ್ಯೋ, ಹದ್ದು ಬ್ಯಾಡ, ನಿಮ್ ಮೊಕ ನೋಡಿದ್ರೇ ಸಾಕು, ಅದ್ರ ಜೀವ ಹೋಯ್ತದೆ. ಒಂದ್ ಗಂಟೆ ಈ ಕಡೆ ತಲೆ ಹಾಕ್ಬೇಡಿ.”

ಇಪ್ಪತ್ತು ನಿಮಿಷ ತಡೆದೆ. ಹೋಗಿ ನೋಡಿದರೆ ಕರಿಬೇವಿನ ಗಿಡದ ಬುಡದಲ್ಲಿ ನಾಲ್ಕನೆಯದು ಪಕ್ಕಕ್ಕೆ ಉರುಳಿಬಿದ್ದಿತ್ತು. ಒಂದು ಕಾಲು ಸೆಟೆದಿತ್ತು, ರೆಕ್ಕೆ ಹರಡಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಮೈ ಅದುರಿ ಅದುರಿ ನಿಲ್ಲುತ್ತಿತ್ತು. ಕೊನೆಯ ಗಳಿಗೆ ಎಂಬುದಕ್ಕೆ ನನಗೆ ಇನ್ನೇನು ಸಾಕ್ಷಿ ಬೇಕು?

ದೇವರ ಗೂಡಿನಲ್ಲಿ ಅಪ್ಪ ಕಾಶಿಯಿಂದ ತಂದ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ಗಂಗೆಯ ಗಿಂಡಿಯಿದೆ. ಮನೆಯಲ್ಲಿ ಪ್ರಾಣ ಹೋಗುವವರ ಬಾಯಿಗೆ ಬಿಡಲೆಂದು ಇಟ್ಟದ್ದು. ಅಪ್ಪ ಹೋದದ್ದು ಆಸ್ಪತ್ರೆಯಲ್ಲಿ. ಗಿಂಡಿ ಇಲ್ಲಿ, ನಾನು ಟ್ರಾಫಿಕ್ಕಿನಲ್ಲಿ. ಈ ಸಲ ತಡಮಾಡಬಾರದೆಂದು ಓಡಿದೆ. ಸ್ಕ್ರೂಡ್ರೈವರಿನಿಂದ ಬೆಸುಗೆ ಕಿತ್ತೆ. ಓಡಿಬಂದು, ನಾರಾಯಣ ನಾರಾಯಣ ಎನ್ನುತ್ತ ಉದ್ಧರಣೆಯಿಂದ ಕೋಳಿಯ ಕೊಕ್ಕಿಗೆ ಗಂಗೆ ಬಿಟ್ಟೆ.

ಕೋಳಿ ಚಂಗನೆ ಎದ್ದು ಮೈ ಕೊಡವಿತು. ಬೊಗಸೆ ಮಣ್ಣು ನನ್ನ ಕನ್ನಡಕದ ಮೇಲೆ. ಆಮೇಲೆ ಬೈದ ಬೈಗುಳವನ್ನು ಹತ್ತು ದಿನದಿಂದ ಕೂಡಿಟ್ಟಿತ್ತೆಂದು ಕಾಣುತ್ತದೆ.

ಕಾಂಪೌಂಡಿನಾಚೆಯಿಂದ ಜಯಮ್ಮ ಕೂಗಿದರು: “ಮೇಷ್ಟ್ರೇ! ಅದು ಸಾಯ್ತಿರ್ಲಿಲ್ಲ ಕಣ್ರೀ, ಸ್ನಾನ ಮಾಡ್ತಿತ್ತು! ಕೋಳಿ ಮಣ್ಣಲ್ಲೇ ಮೈ ತೊಳ್ಕಳದು. ಮನಸ್ಸು ಹಗುರಾದ್ರೇನೇ ಹಂಗ್ ಬೀಳದು!”

ಮಡಿಯೆಂದರೆ ನೀರು ಎಂದು ನಂಬಿ ಐವತ್ತು ವರ್ಷ ಮಿಂದವನು ನಾನು. ಬದುಕಿನ ಮೊದಲ ಸುಖಸ್ನಾನದಲ್ಲಿದ್ದವಳಿಗೆ ಕೊನೆಯ ಗುಟುಕು ಕೊಟ್ಟಿದ್ದೆ.

ಗದ್ದಲಕ್ಕೆ ಸುಧಾ ಹೊರಗೆ ಬಂದಳು. ಕೋಳಿಯನ್ನು ನೋಡಿದಳು, ನನ್ನನ್ನು ನೋಡಿದಳು, ಗಿಂಡಿಯನ್ನು ನೋಡಿದಳು.

“ರೀ, ಅದು ನಿಮಗೆ ಅಂತ ಇಟ್ಟಿದ್ದು.”

“ಇನ್ನೂ ಅರ್ಧ ಇದೆ,” ಎಂದೆ.

ಅಷ್ಟರಲ್ಲಿ ನಾಲ್ಕನೆಯದು ಹೋಗಿ ಅದೇ ಕುಳಿಯಲ್ಲಿ ಬಿದ್ದುಕೊಂಡು ಮತ್ತೆ ಕಾಲು ಚಾಚಿತು. ಉಳಿದ ಮೂರೂ ಜಾಗಕ್ಕಾಗಿ ತಳ್ಳಾಡಿದವು. ನಾವಿಬ್ಬರೂ ಒಗೆಯುವ ಕಲ್ಲಿನ ಮೇಲೆ ಕೂತು ನೋಡಿದೆವು. ಸುಧಾ ನನ್ನ ಅಂಗೈಗೆ ಒಂದು ಉದ್ಧರಣೆ ಗಂಗೆ ಹಾಕಿ, “ನುಂಗೋಕೆ ಆಗ್ತಿರೋವಾಗ್ಲೇ ಕುಡೀರಿ, ರುಚಿಯಾದ್ರೂ ಗೊತ್ತಾಗತ್ತೆ,” ಎಂದಳು.

ಎಷ್ಟೋ ವರ್ಷದ ನೀರು, ಹೊಟ್ಟೆ ಕೆಟ್ಟರೇನು ಗತಿ ಎಂದು ಯೋಚನೆಯಾಯಿತು. ಕೋಳಿಯ ಕಡೆ ತಿರುಗಿ ನೋಡಿದೆ. ಅದಕ್ಕೇನೂ ಆದಂತಿರಲಿಲ್ಲ. ಕುಡಿದೆ.