ಹೈಕೋರ್ಟಿಗೆ ಹೋಗಿ ಬಂದ ಮೊರ

ಮೊನ್ನೆ ಸೊಸೆ ಮೊರಕ್ಕೆ ಹಚ್ಚಲೆಂದು ನೆನೆಸಿದ ಮೆಂತ್ಯ ರುಬ್ಬುತ್ತಿದ್ದಳು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿರೋಳ್ಳಿ ಆಯಿ ನೆನಪಾದಳು. ಆಳಂದದ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುತ್ತಿದ್ದ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆ. ತವರು ಹಿರೋಳ್ಳಿ, ಹಾಗಾಗಿ ಎಲ್ಲರ ಬಾಯಲ್ಲೂ ಅದೇ ಹೆಸರು. ಎಂಬತ್ತರ ದಶಕದ ಮಾತು. ನಾನಾಗ ಗುಲಬರ್ಗಾದಲ್ಲಿ ಹೊಸದಾಗಿ ಕರಿಕೋಟು ಹೊಲಿಸಿಕೊಂಡಿದ್ದ ವಕೀಲ. ಕೋಟಿಗಿಂತ ಜಂಬವೇ ಉದ್ದವಿತ್ತು.

ಸಂಘ ಕಟ್ಟಿದ ವಾರದಲ್ಲೇ ಮಾಲೀಕ ಆಯಿಯೂ ಸೇರಿ ಹನ್ನೊಂದು ಮಂದಿಯನ್ನು ಕೆಲಸದಿಂದ ತೆಗೆದ. ಕಾರ್ಮಿಕ ನ್ಯಾಯಾಲಯದಲ್ಲಿ, ಇವರು ತನ್ನ ಕೆಲಸಗಾರರೇ ಅಲ್ಲ, ಸುಗ್ಗಿಗೆ ಬಂದು ಹೋದವರು ಎಂದುಬಿಟ್ಟ. ಹಾಜರಿ ಪುಸ್ತಕವೇ ಇಲ್ಲವೆಂದ. ಅವರ ಕೇಸು ಹಿಡಿದಿದ್ದ ನಾನು ಆಯಿಯ ಮೇಲೆ ರೇಗಿದೆ. "ಒಂದು ಕಾಗದನೂ ಇಟ್ಕೊಂಡಿಲ್ಲೇನು ಆಯಿ?"

"ದಿನಾ ಮುಂಜಾನೆ ಗೇಟಿನ್ಯಾಗ ಆಳು ನೋಡೋ ಮುಕಾದಮ ಹಾಜರಿ ಚೀಟಿ ಕೊಡ್ತಿದ್ದ ರೀ. ಹೆಸರು, ತಾರೀಖು, ಅವನ ಸಹಿ. ಆಮ್ಯಾಲ ಅದನ್ನ ಯಾರು ಕೇಳ್ತಾರ್ರಿ? ಎಲ್ಲಾ ಮೊರಕ್ಕ ಮೆತ್ತೀನಿ."

ನಮ್ಮ ಕಡೆ ಬಿದಿರಿನ ಮೊರದ ಸಂದಿ ಮುಚ್ಚಲು ಮೆಂತ್ಯದ ಹಿಟ್ಟಿನಲ್ಲಿ ಕಾಗದ ಅಂಟಿಸುತ್ತಾರೆ. ವರ್ಷಕ್ಕೊಮ್ಮೆ ಹಳೆಯ ಪದರದ ಮೇಲೆ ಹೊಸ ಪದರ. ನನ್ನ ಅವ್ವ ಇದನ್ನೇ ಮಾಡುವುದನ್ನು ನೋಡಿ ಬೆಳೆದವನು ನಾನು, ಆದರೂ ಹೊಳೆದಿರಲಿಲ್ಲ. ಓದಿದ್ದೆಲ್ಲ ನೀರುಪಾಲು.

ಕೋರ್ಟಿನಲ್ಲಿ ಆಯಿ ಒಂದು ತಂಬಿಗೆ ನೀರು ಕೇಳಿದಳು. ಮೊರದ ಬೆನ್ನಿನ ಒಂದು ಮೂಲೆ ಮಾತ್ರ ನೆನೆಸಿ, ಉಗುರಿನಿಂದ ಒಂದೊಂದೇ ಪದರ ಬಿಡಿಸಿದಳು. ಕಳೆದ ವರ್ಷದ ಚೀಟಿ, ಅದರ ಕೆಳಗೆ ಹಿಂದಿನ ವರ್ಷದ್ದು, ಅದರ ಕೆಳಗೆ... ಬಿದಿರು ಕಾಣುವಷ್ಟರಲ್ಲಿ ಏಳು ವರ್ಷ ಆಗಿತ್ತು. ಅವಳ ಹಿಂದೆ ಉಳಿದ ಹತ್ತು ಮಂದಿಯೂ ತಮ್ಮ ತಮ್ಮ ಮೊರ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರನ್ನೂ ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ತೀರ್ಪಾಯಿತು.

ಮಾಲೀಕ ಸೋಲೊಪ್ಪುವ ಆಸಾಮಿಯಲ್ಲ. ತೀರ್ಪು ರದ್ದಾಗಬೇಕೆಂದು ಹೈಕೋರ್ಟಿಗೆ ಹೋದ. "ಮೊರವೂ ಒಂದು ದಾಖಲೆಯೇ?" ಎಂದು ಅವನ ವಕೀಲರು ನಕ್ಕರು. ನ್ಯಾಯಮೂರ್ತಿಗಳು ಕಡತದ ಜೊತೆ ಬಂದಿದ್ದ ಆಯಿಯ ಮೊರ ತರಿಸಿ, ಕನ್ನಡಕ ಏರಿಸಿ ನೋಡಿ, "ಈ ಸಹಿ ನಿಮ್ಮ ಮುಕಾದಮನದು ಹೌದೋ ಅಲ್ಲವೋ?" ಎಂದಷ್ಟೇ ಕೇಳಿದರು. ನಗು ನಿಂತಿತು. ಅರ್ಜಿ ವಜಾ ಆಯಿತು. ತಂತಿ ಕಳಿಸಲು ಓಡಿದ್ದು, ಅವಸರದಲ್ಲಿ ಎರಡು ಫಾರಂ ಹಾಳು ಮಾಡಿದ್ದು... ಅಂಥ ಖುಷಿ ಮತ್ತೆ ಯಾವ ಕೇಸಿನಲ್ಲೂ ಸಿಗಲಿಲ್ಲ.

ಆಳಂದದಲ್ಲಿ ಬಸ್ಸಿಳಿದರೆ ಹೆಂಗಸರು ಗುಲಾಲು ಹಿಡಿದು ಕಾದಿದ್ದರು. ಆಯಿ ಮಾತ್ರ ನನ್ನ ಬರಿಗೈ ನೋಡಿದಳು. "ಗೆದ್ದದ್ದು ಖರೆ ಅದ. ನನ್ನ ಮೊರ ಎಲ್ಲದ ರೀ ವಕೀಲ್ರ? ನಾಳೆ ಕೆಲಸಕ್ಕ ಹೋಗಬೇಕು."

ಕೋರ್ಟಿನಿಂದ ಮೊರ ಬಿಡಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಅದರ ಬೆನ್ನಿಗೆ ದಾಖಲೆಯೆಂದು ಒತ್ತಿದ್ದ ಕೋರ್ಟಿನ ಮುದ್ರೆಯ ಮೇಲೆ ಆಯಿ ಮತ್ತೆ ಮೆಂತ್ಯ ಹಚ್ಚಲಿಲ್ಲ. ಮುದ್ರೆ ಮಾಲೀಕನಿಗೆ ಕಾಣುವಂತೆ ಹಿಡಿದು, ಕೈಯಲ್ಲಿ ಶಕ್ತಿ ಇರುವವರೆಗೂ ಬೇಳೆ ಕೇರಿದಳು.

ಅವಳು ಹೋಗಿ ಬಹಳ ವರ್ಷವಾದವು. ಅವಳ ಮಗಳು ತಂದುಕೊಟ್ಟ ಆ ಮೊರ ಈಗ ನನ್ನ ಕಾನೂನು ಪುಸ್ತಕಗಳ ಪಕ್ಕದಲ್ಲಿದೆ. ಮೊನ್ನೆ ಸೊಸೆ ಅದನ್ನೂ ಎತ್ತಿಕೊಂಡಳು. "ಸಂದಿ ಬಿಟ್ಟದ ರೀ ಮಾವ, ಇದಕ್ಕೂ ಹಚ್ಚಲೇನ್ರಿ?"

"ಬ್ಯಾಡವ್ವ," ಎಂದೆ. "ಅದರ ಚೀಟಿ ಮ್ಯಾಲ ಆಯಿ ಹೆಸರು ಇನ್ನೂ ಕಾಣ್ತದ."

ಕಾಣುತ್ತದೆ. ಕರೆದರೆ ಓ ಎನ್ನುವವಳು ಇಲ್ಲ.