ಶಲ್ಯದ ಕೆಳಗೆ ನಾಲ್ಕು ಬೆರಳು

ದನದ ಸಂತೆಯಲ್ಲಿ ನಾವು ಬಾಯಿಂದ ಬೆಲೆ ಹೇಳುವುದಿಲ್ಲ. ದಲ್ಲಾಳಿ ಮೊದಲು ಮಾರುವವನ ಕೈ ಹಿಡಿಯುತ್ತಾನೆ, ಆಮೇಲೆ ಕೊಳ್ಳುವವನದು. ಹಿಡಿದ ಕೈಗಳ ಮೇಲೆ ಶಲ್ಯ ಮುಚ್ಚಿ, ಬೆರಳು ಒತ್ತಿ ಬೆಲೆ ತಿಳಿಸುತ್ತಾನೆ. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಬೆರಳು ಒತ್ತಿದ ಮೇಲೆ ಮಾತು ತಿರುಗಿಸುವಂತಿಲ್ಲ. ತಿರುಗಿಸಿದವನಿಗೆ ಮುಂದಿನ ಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ. ಬರಹವಿಲ್ಲ, ಸಾಕ್ಷಿಯಿಲ್ಲ, ಆದರೂ ಕೆಲಸ ನಡೆಯುತ್ತದೆ.

ಮೂಗುದಾರ ಹೊಸೆದು ಮಾರುತ್ತ ಆ ಸಂತೆಗೆ ಕಾಲಿಟ್ಟವನು ನಾನು. ಮೀಸೆ ದಪ್ಪಗಾಗುವುದರೊಳಗೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ದಲ್ಲಾಳಿ ಬೇಕೆಂದರೆ ನನ್ನನ್ನೇ ಕರೆಯುತ್ತಿದ್ದರು. ಯಾರೂ ಕಲಿಸಲಿಲ್ಲ. ಎತ್ತಿನ ಹಲ್ಲು ನೋಡುವ ಮೊದಲು ಒಡೆಯನ ಮುಖ ನೋಡಬೇಕು. ಓದುವವರಲ್ಲಿ ಯಾರಾದರೂ ಎತ್ತು ಕೊಳ್ಳುವವರಿದ್ದರೆ ಇದೊಂದನ್ನು ನೆನಪಿಡಿ, ಉಳಿದದ್ದು ತಾನೇ ಬರುತ್ತದೆ.

ರಾಜಕೀಯವನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತಿದ್ದೆ. ನನ್ನ ಅಕ್ಕನ ಗಂಡ, ನಾನು ಮಾವ ಎಂದು ಕರೆಯುವವನು, ಆಡೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ಮೂವತ್ತರ ದಶಕ ಪೂರ್ತಿ ಅವನೂ ನಾನೂ ಖಾದಿ ಟೊಪ್ಪಿಗೆ ಹಾಕಿಕೊಂಡು ಅರ್ಜಿ ಹಿಡಿದು ತಿರುಗಿದೆವು. ಸರಕಾರ ಬೇಲಿ ಹಾಕಿದ ಹುಲ್ಲಿನ ಕಾವಲಿನಲ್ಲಿ ದನ ಮೇಯಲು ಬಿಡಿ, ಹೊಲದ ತೀರ್ವೆ ಇಳಿಸಿ, ಇಂಥವೇ ಬೇಡಿಕೆ. ಆತ ಬರೆಯುವನು, ನಾನು ಊರೂರು ತಿರುಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವೆನು. ಹೆಚ್ಚು ಕೇಳು, ಅರ್ಧಕ್ಕೆ ಒಪ್ಪು, ಒಪ್ಪಿದ್ದನ್ನು ಕೈಬಿಡಬೇಡ ಎಂಬುದು ನನ್ನ ಧೋರಣೆ. ಒಮ್ಮೆ ಒಂದು ಊರಿನ ಕಾವಲಿನ ಬೇಲಿಯನ್ನು ಮೂರು ತಿಂಗಳ ಮಟ್ಟಿಗೆ ತೆಗೆಸಿದೆವು. ಆ ದಿನ ನಾನೇ ಬೆಲ್ಲ ಹಂಚಿದೆ. ಘೋಷಣೆ ಕೂಗುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೂಗಿದರೆ ಎತ್ತು ಬೆದರುತ್ತದೆ, ವ್ಯಾಪಾರ ಕೆಡುತ್ತದೆ ಎನ್ನುತ್ತಿದ್ದೆ.

ನಲವತ್ತೆರಡರ ಮಳೆಗಾಲದಲ್ಲಿ ದೊಡ್ಡ ಮುಂದಾಳುಗಳನ್ನೆಲ್ಲ ಹಿಡಿದರೆಂಬ ಸುದ್ದಿ ಬಂತು. ಅಕ್ಕನ ಗಂಡ ಮೂರು ದಿನ ಅರ್ಜಿಯ ಕಾಗದಕ್ಕೆ ಕೈ ಹಚ್ಚಲಿಲ್ಲ. ನಾಲ್ಕನೆಯ ದಿನ ಮನೆಯಲ್ಲಿರಲಿಲ್ಲ. ಕೆಲವೇ ದಿನಗಳಲ್ಲಿ ಯಲವಿಗಿ ಸ್ಟೇಷನ್ನಿನ ಆಚೆ ಯಾರೋ ಟೆಲಿಗ್ರಾಫ್ ತಂತಿ ಕಡಿದರು. ಅವರಲ್ಲಿ ಇವನೂ ಇದ್ದನೆಂದು ಪೊಲೀಸರು ಅಕ್ಕನ ಬಾಗಿಲಿಗೆ ಬಂದು, ಉಳುವ ಎತ್ತಿನ ಜೋಡಿಯನ್ನು ಜಪ್ತಿ ಮಾಡಿಕೊಂಡು ಹೋದರು. ಅಲ್ಲಿಂದ ದಿನಾ ಮುಂಜಾನೆ ಬರುವರು, ನೆಲದಲ್ಲಿ ತೋಡಿದ ಜೋಳದ ಹಗೇವಿನೊಳಗೆ ಕೋಲು ಆಡಿಸಿ ನೋಡುವರು, ಬೈದು ಹೋಗುವರು. ಓಣಿಯಲ್ಲಿ ಬೂಟಿನ ಸಪ್ಪಳವಾದರೆ ಅಕ್ಕನ ಕೈಯೊಳಗಿನ ರೊಟ್ಟಿ ಹರಿದುಹೋಗುತ್ತಿತ್ತು.

ಅವ್ವ ಸತ್ತ ಮೇಲೆ ನನಗೆ ಅನ್ನ ಹಾಕಿ ಬೆಳೆಸಿದವಳು ಆ ಅಕ್ಕ.

"ತಮ್ಮಾ, ಅವ್ರು ಎಲ್ಲೆದಾರ ನಿನಗ ಗೊತ್ತೈತಿ."

"ಗೊತ್ತಿಲ್ಲಕ್ಕಾ."

"ಸಂತ್ಯಾಗಿನ ಸುಳ್ಳು ನನ್ನ ಮುಂದ ಹೇಳಬ್ಯಾಡ. ಕಂಡಲ್ಲೆ ಗುಂಡು ಹಾಕ್ತೇವಿ ಅಂತ ಹೇಳಿ ಹೋಗ್ಯಾರ. ಹೆಂಗರ ಮಾಡಿ ಜೀವಂತ ಕರ್ಕೊಂಡು ಬಾ. ಈ ಸೀಮಿ ಎತ್ತೆಲ್ಲಾ ಮಾರಿಸೀದಿ, ನನ್ನ ಗಂಡ ಒಬ್ಬನ್ನ ಬಿಡಿಸಾಕ ಬಾಯಿ ಬರೂದಿಲ್ಲೇನು ನಿನಗ?"

ನನಗೆ ಗೊತ್ತಿತ್ತು. ಆತ ಸವಣೂರಿನ ಒಂದು ವೀಳ್ಯದ ಎಲೆತೋಟದಲ್ಲಿ ಆಳಾಗಿ ಬಳ್ಳಿ ಕಟ್ಟುತ್ತಿದ್ದ. ಸವಣೂರು ಆಗ ಸಂಸ್ಥಾನ. ಬ್ರಿಟಿಷ್ ಸೀಮೆಯ ಪೊಲೀಸರು ಕಾಗದಪತ್ರವಿಲ್ಲದೆ ಅಲ್ಲಿಗೆ ಕಾಲಿಡುವಂತಿರಲಿಲ್ಲ. ಆದರೆ ಕಾಗದ ಎಷ್ಟು ದಿನಕ್ಕೆ ಬರುತ್ತದೆ? ಅದೇ ಚಿಂತೆಯಲ್ಲಿ ನನಗೆ ಊಟ ಸೇರದಾಯಿತು.

ನಾನು ಪೊಲೀಸ್ ಠಾಣೆಯ ಫೌಜದಾರನ ಹತ್ತಿರ ಹೋದೆ. ಹಿಂದೊಮ್ಮೆ ಅವನಿಗೆ ಕುದುರೆ ಕೊಡಿಸಿದ್ದೆ. ಆಗ ಶಲ್ಯದ ಕೆಳಗೆ ಕೈ ಕೊಟ್ಟು, ಒಪ್ಪಿದ ಬೆಲೆಗೆ ತಪ್ಪದೆ ನಿಂತಿದ್ದ. ನನ್ನ ತಪ್ಪಿನ ಬೇರು ಅಲ್ಲಿದೆ.

"ಏನೋ ದಲ್ಲಾಳಿ, ಇವತ್ತ ಯಾವ ಎತ್ತು ಮಾರಾಕ ಬಂದಿ?"

"ನಮ್ಮ ಮಾವನ್ನ ಸಾಹೇಬ್ರ."

"ಹಲ್ಲೆಷ್ಟು ಅದಾವ?" ಎಂದು ನಕ್ಕ. ನಾನೂ ನಕ್ಕೆ. ನಕ್ಕವನು ಅರ್ಧ ದಾರಿಗೆ ಬಂದ ಹಾಗೆ ಎಂಬ ಲೆಕ್ಕ ನನ್ನದು.

ರೂಢಿಯ ಬಲದಿಂದ ಹೆಗಲ ಶಲ್ಯ ತೆಗೆದು ಕೈ ಚಾಚಿದೆ. ಅವನು ತಮಾಷೆಯಿಂದಲೇ ಕೈ ಕೊಟ್ಟ. ಒಂದೊಂದೇ ಬೆರಳು ಒತ್ತುತ್ತ, ಅವನಿಗಷ್ಟೇ ಕೇಳಿಸುವಂತೆ ಹೇಳಿದೆ: ಹೊಡೆಯಬಾರದು. ಬೇಡಿ ಹಾಕಬಾರದು. ಇನ್ನು ತಂತಿಗೆ ಕೈ ಹಚ್ಚುವುದಿಲ್ಲವೆಂದು ಬರೆಸಿಕೊಂಡು ಹೊತ್ತು ಮುಳುಗುವುದರೊಳಗೆ ಮನೆಗೆ ಬಿಡಬೇಕು. ಜಪ್ತಿ ಮಾಡಿದ ಎತ್ತು ತಿರುಗಿ ಕೊಡಬೇಕು. ನಾಲ್ಕು ಬೆರಳು. ಅವನು ನಾಲ್ಕನ್ನೂ ಸೇರಿಸಿ ಗಟ್ಟಿಯಾಗಿ ಹಿಚುಕಿದ. ಸಂತೆಯಲ್ಲಿ ಅದರರ್ಥ, ಒಪ್ಪಿದೆ.

ಎಲೆತೋಟದಲ್ಲಿ ಅಕ್ಕನ ಗಂಡ ಬಳ್ಳಿಯಿಂದ ಕೈ ತೆಗೆಯದೆ ನನ್ನ ಮಾತು ಕೇಳಿದ.

"ನೀ ಸಂತಿ ಮಾತು ಸರಕಾರಕ್ಕ ಹೇಳಾಕತ್ತೀದಿ. ಹತ್ತು ವರ್ಷ ಅರ್ಜಿ ಕೊಟ್ವಿ, ಏನಾತು?"

"ಬೇಲಿ ತಗಸಲಿಲ್ಲೇನು?"

"ಮೂರು ತಿಂಗಳ. ಆಮ್ಯಾಲೆ ಎರಡು ಮೊಳ ಎತ್ತರ ಮಾಡಿ ಕಟ್ಟಿದ್ರು. ಬೆಲ್ಲಾ ಹಂಚಿದ್ದಷ್ಟ ನೆನಪೈತಿ ನಿನಗ."

"ಮಾವಾ, ಅಕ್ಕ ಉಣ್ಣೂದು ಬಿಟ್ಟಾಳ. ನಾ ಕೈ ಹಿಡದು ಮಾತು ತಗೊಂಡೇನಿ."

ಆತ ಕೈಯಲ್ಲಿದ್ದ ಬಳ್ಳಿಯನ್ನು ಕಟ್ಟಿ ಮುಗಿಸಿದ. ಆಮೇಲೆ ಬಾಳೆನಾರಿನ ಕಟ್ಟು ಕೆಳಗಿಟ್ಟು, ಕಾಲು ತೊಳೆದುಕೊಂಡು ಬಂದು ನನ್ನ ಚಕ್ಕಡಿ ಬಂಡಿ ಹತ್ತಿದ. ಶಿಗ್ಗಾವಿಯ ದಾರಿಯಲ್ಲಿ ಸಂಸ್ಥಾನದ ಗಡಿಕಲ್ಲು ಬಂದಾಗ ನೀರು ಕುಡಿಯಲು ಇಳಿದ. ಕಲ್ಲಿನ ಈಚೆ ಒಂದು ಕಾಲು, ಆಚೆ ಒಂದು ಕಾಲು. "ಇಲ್ಲಿಂದ ತಿರುಗಾಕ ಬರತೈತಿ ನೋಡು," ಎಂದ. "ಹತ್ರಿ ಮಾವಾ, ಹೊತ್ತಾತು," ಎಂದವನು ನಾನೇ.

ಮಧ್ಯಾಹ್ನಕ್ಕೆ ಠಾಣೆ ಮುಟ್ಟಿದೆವು. ಆತ ಅಂಗಳ ದಾಟುವ ಮೊದಲೇ ಇಬ್ಬರು ಹಿಡಿದು ಬೇಡಿ ಹಾಕಿದರು. ಆಮೇಲೆ ಬಲಗೈಯನ್ನು ಕಟ್ಟೆಯ ಮೇಲಿಟ್ಟು, ತಂತಿ ಕಡಿದ ಕೈ ಇದೇ ಏನು ಎಂದು ಕೇಳುತ್ತ ಲಾಠಿಯಿಂದ ಹೊಡೆದರು. ನಾನು ಓಡಿಹೋಗಿ ಫೌಜದಾರನ ಮುಂದೆ ನಾಲ್ಕು ಬೆರಳು ಎತ್ತಿ ಹಿಡಿದೆ.

"ಸಾಹೇಬ್ರ, ಮಾತು! ಮಾತು ಕೊಟ್ಟೀರಿ!"

"ಯಾವ ಮಾತು? ಯಾರು ಕಂಡಾರ?" ಎಂದು ಅವನು ಒಳಗೆ ಹೋದ.

ಅವನಿಗೆ ಮುಂದಿನ ಸಂತೆಯ ಭಯವಿರಲಿಲ್ಲ. ಅಷ್ಟು ಸಣ್ಣ ವಿಷಯ ನನ್ನಂಥ ಜಾಣನ ತಲೆಗೆ ಹೊಳೆದಿರಲಿಲ್ಲ. ಕೊಳ್ಳುವವನಿಗೂ ಮಾರುವವನಿಗೂ ನಾಳೆ ಒಬ್ಬರಿಗೊಬ್ಬರು ಬೇಕಾಗಿದ್ದರೆ ಮಾತ್ರ ಚೌಕಾಸಿ ನಡೆಯುತ್ತದೆ. ಒಬ್ಬನ ಕೈಯಲ್ಲಿ ಬೇಡಿಯಿದ್ದು ಇನ್ನೊಬ್ಬನ ಕೈಯಲ್ಲಿ ಬರಿಯ ಶಲ್ಯವಿದ್ದರೆ ಅದು ವ್ಯಾಪಾರವೇ ಅಲ್ಲ. ಇದನ್ನು ಬುದ್ಧಿಮಾತೆಂದು ತೆಗೆದುಕೊಳ್ಳಿ. ನಾನು ಇದಕ್ಕೆ ಕೊಟ್ಟ ಬೆಲೆ ನನ್ನದಾಗಿರಲಿಲ್ಲ, ಬೇರೆಯವರದು.

ಮನೆಗೆ ಹೋಗಿ ಹೇಳಿದಾಗ ಅಕ್ಕ ಬೈಯಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು.

"ಎಷ್ಟು ಬೆರಳು ಒತ್ತಿದ್ದಿ?"

"ನಾಕು."

"ಐದನೇದು ಯಾಕ ಬಿಟ್ಟಿ?"

"ಐದನೇದಕ್ಕ ಏನು ಕೇಳಬೇಕಿತ್ತಕ್ಕಾ?"

"ಶಲ್ಯಾ ತಗೀರಿ ಅಂತ ಕೇಳಬೇಕಿತ್ತು. ನಾಕು ಮಂದಿ ಮುಂದ ಹೇಳ್ರಿ ಅಂತ."

ಮುಂದಿನ ವಾರ ನಾನಾಗಿಯೇ ಆ ತಂತಿ ಕಡಿಯುವವರನ್ನು ಹುಡುಕಿಕೊಂಡು ಹೋದೆ. ದಲ್ಲಾಳಿ ಎಲ್ಲಿ ಎತ್ತು ಹೊಡೆದುಕೊಂಡು ಹೋದರೂ ಯಾರೂ ಏಕೆಂದು ಕೇಳುವುದಿಲ್ಲ. ಆಡೂರಿನಿಂದ ಮಾಸೂರಿನವರೆಗಿನ ಪ್ರತಿ ಬಂಡಿದಾರಿ ನನಗೆ ಬಾಯಿಪಾಠ. ಹೊಟ್ಟಿನ ಚೀಲದಲ್ಲಿ ಇಕ್ಕಳ, ಸೀಮೆಎಣ್ಣೆ ಸಾಗಿಸಿದೆ. ಧೈರ್ಯವಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಎದುರಿಗೆ ಪೊಲೀಸರ ಕೆಂಪು ರುಮಾಲು ಕಂಡರೆ ಹಗ್ಗ ಬಿಗಿಯಾಗಿ ಎಳೆದು ಹಿಡಿಯುತ್ತಿದ್ದೆ. ನನ್ನ ಹೆದರಿಕೆ ಹಗ್ಗದಲ್ಲಿ ಇಳಿದು ಎತ್ತುಗಳಿಗೂ ತಾಗಿ ಅವು ಮುಂದೆ ಹೆಜ್ಜೆ ಇಡುತ್ತಿರಲಿಲ್ಲ.

ಹಿರೇಕೆರೂರು ತಾಲೂಕಿನ ಒಂದು ಊರಿನಲ್ಲಿ, ಜನರೆಲ್ಲ ಹೊಲಕ್ಕೆ ಹೋಗಿದ್ದ ಹೊತ್ತಿನಲ್ಲಿ, ಏಳು ಜನ ಊರಿನ ಸರಕಾರಿ ಕಾಗದ ಇಡುವ ಚಾವಡಿಗೆ ನುಗ್ಗಿದೆವು. ಚಾವಡಿಯ ಕಾವಲುಗಾರನನ್ನು ಮರದ ನೆರಳಿಗೆ ಕರೆದೊಯ್ದು ನೀರು ಕೊಟ್ಟು ಕೂರಿಸಿ, ಕಾಗದದ ಗಂಟುಗಳನ್ನು ಹೊರಗೆ ತಂದು ರಾಶಿ ಹಾಕಿದೆವು. ಮುಖಕ್ಕೆ ಶಲ್ಯ ಸುತ್ತಿಕೋ ಎಂದು ಉಳಿದವರು ಹೇಳಿದರು. ನಾನು ಸುತ್ತಿಕೊಳ್ಳಲಿಲ್ಲ. ಒಂದು ಗಂಟಿನಲ್ಲಿ ಅಕ್ಕನ ಗಂಡನ ದುಂಡನೆಯ ಅಕ್ಷರ ಕಂಡಿತು. ಅದು ಆ ಊರವರ ಕಾವಲಿನ ಅರ್ಜಿ. ಊರಿನ ಅಭಿಪ್ರಾಯ ಬರೆದು ಕಳಿಸಿರೆಂದು ಮೇಲಿನ ಕಚೇರಿಯಿಂದ ಚಾವಡಿಗೆ ತಿರುಗಿ ಬಂದದ್ದು. ನಾನು ಕಟ್ಟಿದ ದಾರ, ನನ್ನದೇ ಮೂಗುದಾರದ ಗಂಟು, ಯಾರೂ ಬಿಚ್ಚಿರಲಿಲ್ಲ. ನಾನೂ ಬಿಚ್ಚದೆ ಹಾಗೆಯೇ ಉರಿಗೆ ಹಾಕಿದೆ. ಎಷ್ಟು ಜನರ ಹೆಬ್ಬೆಟ್ಟು ಅದರಲ್ಲಿದ್ದವೋ. ಅದು ಸರಿಯೋ ತಪ್ಪೋ ಎಂದು ಈಗಲೂ ಕೆಲವೊಮ್ಮೆ ಯೋಚಿಸುತ್ತೇನೆ. ಕಾಗದದ ಜೊತೆಗೆ ಬಡವರ ಹೊಲದ ಹಕ್ಕಿನ ಬರಹವೂ ಸುಟ್ಟಿರಬಹುದು. ಅದನ್ನು ನಾವು ಆ ದಿನ ಓದಿ ನೋಡಲಿಲ್ಲ.

ನನ್ನನ್ನು ಯಾರೂ ಹಿಡಿಯಲಿಲ್ಲ. ಹಿಡಿಯುತ್ತಾರೆಂಬ ಹೆದರಿಕೆಯೇ ನನಗೆ ಜೈಲಾಯಿತು.

ಅಕ್ಕನ ಗಂಡ ಒಂದೂವರೆ ವರ್ಷದ ಮೇಲೆ ಜೈಲಿನಿಂದ ಮನೆಗೆ ಬಂದ. ಬಲಗೈಯ ಮುರಿದ ಎರಡು ಬೆರಳು ಮಡಿಚಿಕೊಂಡೇ ಕೂಡಿದ್ದವು. ಜಪ್ತಿಯಾದ ಎತ್ತು ಬರಲಿಲ್ಲ. ಹೊಸ ಜೋಡಿ ಕೊಳ್ಳಲು ಸಂತೆಗೆ ಹೋದೆವು. ನಾನು ಮಾರುವವನ ಕೈ ಹಿಡಿದು ಬೆಲೆ ತಿಳಿದುಕೊಂಡು ಬಂದೆ. ಆತ ರೂಢಿಯಂತೆ ಬಲಗೈ ಮುಂದೆ ಚಾಚಿದ.

"ಎಷ್ಟಕ್ಕ ಒಪ್ಪ್ಯಾನ, ಒತ್ತಿ ಹೇಳು."

ಶಲ್ಯ ಮುಚ್ಚಿದೆ. ಆ ಎರಡು ಬೆರಳು ನನ್ನ ಅಂಗೈಗೆ ತಾಗಿದವು. ಒತ್ತಲು ನನ್ನಿಂದಾಗಲಿಲ್ಲ. ಶಲ್ಯ ಕಿತ್ತು ಹೆಗಲಿಗೆ ಹಾಕಿಕೊಂಡು, ಬೆಲೆಯನ್ನು ಗಟ್ಟಿಯಾಗಿ ಹೇಳಿಬಿಟ್ಟೆ. ಸಂತೆಯೆಲ್ಲ ತಿರುಗಿ ನೋಡಿತು. ಮಾರುವವನು ಮುಖ ಕೆಂಪಗೆ ಮಾಡಿಕೊಂಡು, "ಏನ್ರೀ ದಲ್ಲಾಳಿ, ಹುಚ್ಚು ಗಿಚ್ಚು ಹಿಡದೈತೇನು?" ಎಂದ.

"ಇರ್ಲಿ ಬಿಡ್ರಿ," ಎಂದ ಅಕ್ಕನ ಗಂಡ, ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಳ್ಳುತ್ತ. "ಅಷ್ಟೂ ಮಂದಿ ಕೇಳ್ಯಾರಲ್ಲ, ಇನ್ನ ನೀವೂ ತಿರುಗಾಂಗಿಲ್ಲ, ನಾನೂ ತಿರುಗಾಂಗಿಲ್ಲ."