ಮರಿಯ ತಾಯಿ ಯಾರೆಂದು ಬಲ್ಲ ಶಿವಕಾಂತಮ್ಮ

ಬೆಳಗಿನ ಆರೂವರೆ. ಕಮಲಾಪುರದ ಹೊರಗೆ, ಕೆಂಬಾಳೆ ತೋಟಕ್ಕೆ ಅಂಟಿಕೊಂಡ ಪ್ರಯೋಗದ ಕುರಿಶೆಡ್ಡಿನಲ್ಲಿ ಶಿವಕಾಂತಮ್ಮ ಮೊಣಕಾಲೂರಿ ಕೂತಿದ್ದಾರೆ. ಎದುರಿನ ಕುರಿ ನರಳುತ್ತಿದೆ. ಒಂದು ಮರಿ ಜಾರಿ ಬೀಳುತ್ತದೆ, ಅದರ ಬೆನ್ನಿಗೇ ಇನ್ನೊಂದು. ಎರಡರ ಮೂಗನ್ನೂ ಒರೆಸಿ, ಮರಿಗಳ ಕಾಲಿಗೆ ಮತ್ತು ತಾಯಿಯ ಕೊರಳಿಗೆ ಒಂದೇ ಬಣ್ಣದ ದಾರ ಕಟ್ಟುತ್ತಾರೆ. "ಈಗ ಯಾರ ಹಾಲರೆ ಕುಡೀರಪಾ," ಎಂದು ಮರಿಗಳಿಗೆ ಹೇಳಿ ನಗುತ್ತಾರೆ. ಈ ದಾರದ ಪದ್ಧತಿ ಶುರುವಾದದ್ದು ಹೋದ ವರ್ಷ.

ಐವತ್ತೆರಡರ ಶಿವಕಾಂತಮ್ಮ ಕಲಬುರಗಿ ಕೋಟೆಯ ಹಿಂದಿನ ಓಣಿಯವರು. ಮೂರು ವರ್ಷದಿಂದ ಇಲ್ಲಿ ದಿನಗೂಲಿ. ಮೊದಲ ಬಸ್ಸಿಗೆ ಬರುತ್ತಾರೆ. ಗಂಡ ತೀರಿದ ಮೇಲೆ ಮನೆಯ ಕುರಿಗಳು ಹೋದವು, ಕೈಯ ವಿದ್ಯೆ ಉಳಿಯಿತು. ಅರವತ್ತು ಕುರಿಗಳ ಮೇವು, ನೀರು, ಬಾಣಂತನ ಎಲ್ಲ ಅವರದೇ. ಕಿವಿಯ ನಂಬರು ನೋಡದೆ ಒಂದೊಂದನ್ನೂ ಗುರುತಿಸುತ್ತಾರೆ. ನನಗಂತೂ ಅರವತ್ತೂ ಒಂದೇ ಕುರಿಯಂತೆ ಕಂಡವು!

ನಮ್ಮ ದಖ್ಖನಿ ಕುರಿ ಸಾಮಾನ್ಯವಾಗಿ ಈಯುವುದು ಒಂದೇ ಮರಿ. ಹೆಚ್ಚು ಅಂಡಗಳು ಬಲಿಯದಂತೆ ತಡೆಯುವ ಹಾರ್ಮೋನೊಂದು ಅದರ ದೇಹದಲ್ಲಿದೆ. ಆ ಹಾರ್ಮೋನಿನ ಜೀನ್ ತುಣುಕನ್ನೇ ಲಸಿಕೆಯಾಗಿ ಚುಚ್ಚಿದರೆ ದೇಹ ಅದರ ವಿರುದ್ಧ ಪ್ರತಿರೋಧ ಬೆಳೆಸಿಕೊಳ್ಳುತ್ತದೆ, ತಡೆ ಸಡಿಲಾಗಿ ಅವಳಿ ಹುಟ್ಟಬಹುದು ಎಂಬುದು ಪಶುವೈದ್ಯೆ ಡಾ. ರಂಜನಾ ಅವರ ನಿರೀಕ್ಷೆ. ಮೂವತ್ತು ಕುರಿಗಳಿಗೆ ಲಸಿಕೆ, ಮೂವತ್ತಕ್ಕೆ ಬರೀ ಉಪ್ಪುನೀರು. ಆರೈಕೆಯಲ್ಲಿ ಭೇದ ಆಗಬಾರದೆಂದು ಯಾವುದಕ್ಕೆ ಯಾವುದೆಂಬುದನ್ನು ಶಿವಕಾಂತಮ್ಮನಿಗೆ ಹೇಳಿಲ್ಲ. ಯಾವ ಕುರಿ ಎಷ್ಟು ಮರಿ ಹಾಕಿತು ಎಂಬುದರ ಮೇಲೇ ಇಡೀ ಪ್ರಯೋಗ ನಿಂತಿದೆ.

ಹೋದ ವರ್ಷ ಎಡವಟ್ಟಾದದ್ದು ಅಲ್ಲೇ. ಒಂದು ಕುರಿಗೆ ಸತ್ತ ಮರಿ ಹುಟ್ಟಿತು. ಪಕ್ಕದ್ದಕ್ಕೆ ಅವಳಿ, ಆದರೆ ಹಾಲು ಕಡಿಮೆ. ಅತ್ತೆ ಕಲಿಸಿದಂತೆ ಶಿವಕಾಂತಮ್ಮ ಸತ್ತ ಮರಿಯ ಮೈಮೇಲಿನ ಲೋಳೆಯನ್ನು ಅವಳಿಯಲ್ಲೊಂದಕ್ಕೆ ಸವರಿ, ಮರಿ ಕಳೆದುಕೊಂಡ ಕುರಿಯ ಮುಂದಿಟ್ಟರು. ಅದು ನೆಕ್ಕಿತು, ಹಾಲೂಡಿತು. ಸತ್ತದ್ದನ್ನು ಹೂತಾಗಿತ್ತು; ಒಂಬತ್ತಕ್ಕೆ ಡಾಕ್ಟರು ಬಂದಾಗ ಎರಡರ ಬಳಿಯೂ ಒಂದೊಂದು ಮರಿ, ಹಾಗೇ ಬರೆದುಕೊಂಡರು. ವಾರದಲ್ಲಿ ಹೀಗೆ ನಾಲ್ಕು ಮರಿಗಳು ತಾಯಿ ಬದಲಿಸಿದವು. ಅವಳಿಗಳೇ ಕಡಿಮೆ, ಲಸಿಕೆ ಸೋತಿತೇನೋ ಎಂದು ಡಾಕ್ಟರು ಬೇಸರಪಟ್ಟಾಗಲೇ, ಎಣಿಕೆ ಕೆಟ್ಟದ್ದು ತನ್ನಿಂದ ಎಂದು ಶಿವಕಾಂತಮ್ಮನಿಗೆ ಹೊಳೆದದ್ದು.

"ಸುಮ್ನ ಕುಂತಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ರಿ. ಕೆಲಸ ಹೋಗ್ತದಂತ ಅಂಜಿಕಿನೂ ಇತ್ತು. ಆದ್ರ ಮೇಡಮ್ಮೋರ ದುಡಿಮಿ ನನ್ನಿಂದ ಸುಳ್ಳಾಗಬಾರದಲ್ರಿ, ಹೇಳಿಬಿಟ್ಟೆ," ಎನ್ನುತ್ತಾರೆ.

"ಖರೆ ಹೇಳ್ತೇನಿ, ಭಾಳ ಸಿಟ್ಟು ಬಂದಿತ್ತು," ಎಂದು ನೆನೆಯುತ್ತಾರೆ ಡಾ. ರಂಜನಾ. "ನಾಕೂ ಮರಿಗಳ ಹೆತ್ತ ತಾಯಿನ್ನ ಬೊಟ್ಟು ಮಾಡಿ ತೋರಿಸಿದ್ರು. ಬರೀ ಮಾತಿನ ಮ್ಯಾಲ ಹ್ಯಾಂಗ ನಂಬೋದು?" ಡಿಎನ್‌ಎ ಹೋಲಿಸಿ ನೋಡಲು ತಾಯಿ-ಮರಿಗಳ ರಕ್ತದ ಮಾದರಿಗಳು ಕಲಬುರಗಿಯ ಪ್ರಯೋಗಾಲಯಕ್ಕೆ ಹೋದವು. ಹನ್ನೆರಡು ದಿನ ಶಿವಕಾಂತಮ್ಮ ನೆಟ್ಟಗೆ ಉಣ್ಣಲಿಲ್ಲ. ವರದಿ ಬಂತು: ನಾಲ್ಕಕ್ಕೆ ನಾಲ್ಕೂ ಸರಿ. ಪ್ರಯೋಗ ಉಳಿಯಿತು. ಪುಸ್ತಕದಲ್ಲಿ ಎಣಿಕೆ ತಿದ್ದಿದರು, ಮರಿಗಳನ್ನು ಮಾತ್ರ ಸಾಕುತಾಯಿಯರ ಬಳಿಯೇ ಬಿಟ್ಟರು. ಓದಿದವರ ಕೆಲಸವನ್ನು ಓದದ ಒಬ್ಬಾಕೆ ಕಾಪಾಡಿದ ಈ ಸಂಗತಿ ನನಗೆ ಬಹಳ ಹಿಡಿಸಿತು.

ನಿಮಗೇನಾದರೂ ಬೇಕೇ ಎಂದು ಕೇಳಿದೆ. ಕೆಲಸ ಖಾಯಂ ಆಗಲಿ ಎಂದಾರೆಂದುಕೊಂಡಿದ್ದೆ. ಶಿವಕಾಂತಮ್ಮ ಡಾಕ್ಟರ ಎಣಿಕೆ ಪುಸ್ತಕದತ್ತ ಕೈ ತೋರಿಸುತ್ತಾರೆ.

"ಎಣಿಕಿ ಹೆತ್ತಾಕಿ ಹೆಸರಿಗೇ ಬರೀಲ್ರಿ, ಅದು ನ್ಯಾಯ. ಆದ್ರ ಹಾಲು ಕುಡಿಸಿ ಬದುಕಿಸಿದಾಕಿ ನಂಬರೂ ಆ ಬುಕ್ಕಿನ್ಯಾಗ ಒಂದು ಮೂಲ್ಯಾಗರೆ ಇರ್ಲಿ."